ಭೀಮಶಾ ಸಾವಕಾರರ ಎರಡು ಸೀಟಿನ ಮೋಟಾರು

ಕುಂಭಾರಿಯ ಭೀಮಶಾ ಸಾವಕಾರರಿಗೆ ಮೋಟಾರಿನ ಅಗತ್ಯವೇನೂ ಇರಲಿಲ್ಲ. ಮನೆಯಲ್ಲಿ ಸವಾರಿ ಗಾಡಿ ಇತ್ತು, ಸೊಲ್ಲಾಪುರಕ್ಕೆ ಹೋಗಲು ಎಸ್.ಟಿ. ಬಸ್ಸಿತ್ತು. ಆದರೆ ಸೊಲ್ಲಾಪುರದ ಮಿಲ್ಲೊಂದರ ಇಂಗ್ಲಿಷ್ ಮ್ಯಾನೇಜರ್ ಗಂಟುಮೂಟೆ ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಾಗ, ಅವನ ಕೆಂಪು ಬಣ್ಣದ ರೇಸಿನ ಕಾರನ್ನು ಸಾವಕಾರರು ಹರಾಜಿನಲ್ಲಿ ಹಿಡಿದುಬಿಟ್ಟರು. ಉದ್ದ ಮೂತಿ, ತಂತಿಯ ಗಾಲಿ, ತಲೆಯ ಮೇಲೆ ಮಡಚುವ ಕ್ಯಾನ್‌ವಾಸು. ಸೀಟು ಎರಡೇ. ಅದರಲ್ಲಿ ಜೋಳದ ಚೀಲ ಹಿಡಿಯುತ್ತಿರಲಿಲ್ಲ, ಮಕ್ಕಳು ಹಿಡಿಯುತ್ತಿರಲಿಲ್ಲ. ಸಾವಕಾರರು ಮತ್ತು ಅವರ ರುಮಾಲು ಮಾತ್ರ ಹಿಡಿಯುತ್ತಿದ್ದವು. ಗಾಳಿ ಜೋರಾದರೆ ರುಮಾಲೂ ಹಿಡಿಯುತ್ತಿರಲಿಲ್ಲ.

ಆ ಎರಡು ಸೀಟುಗಳು ಮಹಾ ಸದ್ದು ಮಾಡುತ್ತಿದ್ದವು. ಮೋಟಾರು ಊರಿನ ಕಲ್ಲುರಸ್ತೆಗೆ ಇಳಿಯಿತೆಂದರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕೊಡಲಿ ಹಾಕಿ ಅಲ್ಲಾಡಿಸಿದ ಹಾಗೆ ಖಡಖಡ ಶುರು. ಪಕ್ಕದಲ್ಲಿ ಕೂತವರೊಡನೆ ಮಾತಾಡಬೇಕೆಂದರೆ ಹೊಲದ ಆಚೆ ದಂಡೆಯವನನ್ನು ಕರೆದಂತೆ ಕೂಗಬೇಕು.

"ಕುಟ್ಟೋ ಒಳ್ಳಿನ್ಯಾಗ ಕುಂತಂಗ ಆಗ್ತದ್ರಿ," ಎಂದಿದ್ದರು ಹೆಂಡತಿ ಇಂದುಬಾಯಿ, ಮೊದಲ ಸವಾರಿಯಲ್ಲೇ ನಾಲ್ಕು ಬಳೆ ಒಡೆದುಕೊಂಡು. "ಅದನ್ನ ಬಿಚ್ಚಿಸಿ ನೋಡಬಾರದೇನು?"

"ಅದು ವಿಲಾಯತಿ ಸದ್ದು. ನಿನಗ ತಿಳಿಯಂಗಿಲ್ಲ," ಎಂದಿದ್ದರು ಸಾವಕಾರರು.

ನಿಜ ಹೇಳಬೇಕೆಂದರೆ, ಆ ವಿಲಾಯತಿ ಸದ್ದಿನಿಂದ ಅವರಿಗೆ ಲಾಭವೂ ಇತ್ತು. ಅದು ಭಾಷಾವಾರು ಪ್ರಾಂತಗಳ ಗದ್ದಲದ ಕಾಲ. ಸೊಲ್ಲಾಪುರ, ಅಕ್ಕಲಕೋಟೆ ಕನ್ನಡದ ಕಡೆಗೋ ಮರಾಠಿಯ ಕಡೆಗೋ ಎಂದು ಚಹಾದಂಗಡಿಗಳಲ್ಲೂ ಕೈಕೈ ಮಿಲಾಯಿಸುತ್ತಿದ್ದರು. ಸೊಲ್ಲಾಪುರದ ಮಹಾರಾಷ್ಟ್ರವಾದಿ ಮುಖಂಡ ತುಕಾರಾಮರಾವ್ ಸಿಕ್ಕಾಗ ಸಾವಕಾರರು "ಆಮ್ಹೀ ತುಮಚೇಚ್" ಎನ್ನುತ್ತಿದ್ದರು. ಕನ್ನಡದ ಪರ ಓಡಾಡುತ್ತಿದ್ದ ವಕೀಲ ಶಿವಶರಣಪ್ಪನವರು ಸಿಕ್ಕಾಗ ಅದನ್ನೇ ಕನ್ನಡದಲ್ಲಿ "ನಾವು ನಿಮ್ಮವರೇ" ಎನ್ನುತ್ತಿದ್ದರು. ಮೋಟಾರಿನಲ್ಲಿ ಕೂರಿಸಿಕೊಂಡಾಗ ಇಬ್ಬರಲ್ಲಿ ಯಾರೇ ಬಿಗಿಯಾದ ಪ್ರಶ್ನೆ ಕೇಳಿದರೂ ಸಾವಕಾರರು ಕಿವಿ ತೋರಿಸಿ, ಸೀಟು ತೋರಿಸಿ, ಕೈ ತಿರುವುತ್ತಿದ್ದರು. ಪ್ರಶ್ನೆ ಸದ್ದಿನಲ್ಲಿ ಕೊಚ್ಚಿಹೋಗುತ್ತಿತ್ತು.

ಆದರೆ ಒಮ್ಮೆ ವಳಸಂಗದ ಹತ್ತಿರದ ತಗ್ಗಿನಲ್ಲಿ ಸೀಟು ಎಂಥ ಪೆಟ್ಟು ಕೊಟ್ಟಿತೆಂದರೆ, ವಕೀಲರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಬಾಯಿಂದ ಜಿಗಿದು ಸಾವಕಾರರ ತೊಡೆಯ ಮೇಲೆ ಬಿದ್ದಿತು. ವಕೀಲರು ಅದನ್ನು ಒರೆಸಿ ಹಾಕಿಕೊಂಡು, ಸ್ಪಷ್ಟ ಉಚ್ಚಾರದಲ್ಲಿ ಹೇಳಿದರು: "ಮುಂದಿನ ತಿಂಗಳು ಅಕ್ಕಲಕೋಟದಾಗ ಕನ್ನಡ ಸಭಾ ಅದ. ವೇದಿಕೆ ಮ್ಯಾಲ ನಿಮಗೊಂದು ಕುರ್ಚಿ ಇಟ್ಟೀನಿ. ಆದ್ರ ನನ್ನ ಇದರಾಗ ಕರಕೊಂಡು ಹೋಗೂದಾದ್ರ ಸೀಟು ರಿಪೇರಿ ಮಾಡಸ್ರಿ. ಇಲ್ಲಾಂದ್ರ ನಾನು ಬಸ್ಸಿಗೆ ಬರ್ತೀನಿ, ಕುರ್ಚಿನೂ ಬಸ್ಸಿಗೇ ವಾಪಸ್ ಹೋಗ್ತದ."

ವೇದಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ವಿಲಾಯತಿ ಸದ್ದು ಸಾವಕಾರರಿಗೆ ಅಪಶಕುನವಾಯಿತು. ಮೊದಲು ಸೀಟಿನ ಕೆಳಗೆ ಗೋಣಿತಟ್ಟು ತುರುಕಿಸಿದರು. ಸದ್ದು ಹೋಗಲಿಲ್ಲ, ಇಲಿಗಳು ಬಂದವು. ಆಮೇಲೆ ಹಗ್ಗದಿಂದ ಸೀಟನ್ನು ಬಿಗಿದರು. ಆಮೇಲೆ ಮಡಿಸಿದ ಸೊಲ್ಲಾಪುರಿ ಚಾದರಗಳನ್ನು ಒಂದರ ಮೇಲೊಂದು ಹಾಸಿದರು. ಸದ್ದು ತುಸು ಮೆತ್ತಗಾಯಿತು. ಆದರೆ ಸಾವಕಾರರ ತಲೆ ಮುಂದಿನ ಗಾಜಿಗಿಂತ ಮೇಲೆ ಹೋಗಿ, ದಾರಿಯಲ್ಲಿ ಹಾರುವ ಹುಳುವೆಲ್ಲ ನೇರ ಮೀಸೆಗೆ ಬಂದು ಕೂತವು.

ಕೊನೆಗೆ ಸೊಲ್ಲಾಪುರದ ಧರೆಪ್ಪ ಮಿಸ್ತ್ರಿ ಬಂದ. ಮೋಟಾರನ್ನು ಸುತ್ತುಹಾಕಿ, "ಇದು ಪೂರಾ ಬರಬಾದ್ ಆಗ್ಯದ. ಮಾರಿಬಿಡ್ರಿ, ಗಿರಾಕಿ ನಾನೇ ತರ್ತೀನಿ," ಎಂದ.

"ಮಾರೂದಕ್ಕ ಕರದಿಲ್ಲ ನಿನ್ನ. ಸೀಟು ನೋಡು," ಎಂದರು ಸಾವಕಾರರು.

"ಸೀಟು ನೋಡಬೇಕಾದ್ರ ಬಿಚ್ಚಬೇಕ್ರಿ."

"ವಿಲಾಯತಿ ಮಾಲು, ಬಿಚ್ಚಬ್ಯಾಡ! ಹಂಗೇ ನೋಡು."

ಇಂದುಬಾಯಿ ಅಂಗಳಕ್ಕೆ ಬಂದು ಮಿಸ್ತ್ರಿಯ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟರು. "ಬಿಚ್ಚಪ್ಪ ನೀ. ಬಿಚ್ಚದ ನೋಡೂದು ಇವರಿಗೆ ಮೂರು ವರ್ಷದಿಂದ ಆಗಿಲ್ಲ, ನಿನಗೇನು ಆಗ್ತದ?"

ಸೀಟು ಮೇಲೆದ್ದಿತು. ಅದು ಹಿಂದೆ ಮುಂದೆ ಸರಿಯುವ ಕಬ್ಬಿಣದ ಪಟ್ಟಿಗಳು ಸವೆದು ಸಡಿಲವಾಗಿದ್ದವು. ಪಟ್ಟಿಯ ಬೋಲ್ಟು ಕೂರುವ ಹಲಗೆ ಕೊಳೆತು, ತೂತುಗಳು ಹಿಗ್ಗಿ, ಬೋಲ್ಟುಗಳು ಬಾವಿಯಲ್ಲಿ ಕಪ್ಪೆ ಕುಣಿದಂತೆ ಕುಣಿಯುತ್ತಿದ್ದವು. ಮುರಿದ ಎರಡು ಸ್ಪ್ರಿಂಗುಗಳು ಕೆಳಗಿನ ತಗಡನ್ನು ಬಾರಿಸುತ್ತಿದ್ದವು. ಮಿಸ್ತ್ರಿ ಹೊಸ ಸಾಗವಾನಿ ಹಲಗೆ ಕೂರಿಸಿದ, ಅಗಲವಾದ ವಾಷರ್ ಹಾಕಿ ಬೋಲ್ಟು ಬಿಗಿದ, ಪಟ್ಟಿಗಳ ಕೆಳಗೆ ಮಿಲ್ಲಿನ ಹಳೆಯ ಚರ್ಮದ ಪಟ್ಟಾ ಕತ್ತರಿಸಿ ಹಾಸಿದ, ಸ್ಪ್ರಿಂಗು ಬದಲಿಸಿ ತಗಡಿನ ಮೇಲೆ ಕಂಬಳಿಯ ತುಂಡು ಅಂಟಿಸಿದ. ಪ್ರತಿ ಬೋಲ್ಟಿಗೂ ಸಾವಕಾರರು "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಮಿಸ್ತ್ರಿ ಪ್ರತಿ ಬೋಲ್ಟಿಗೂ ಚಹಾ ಕೇಳುತ್ತಿದ್ದ.

ಸಭೆಯ ದಿನ ಸಾವಕಾರರು ಬಿಳಿ ಕೋಟು ತೊಟ್ಟು, ಸೊಲ್ಲಾಪುರದಲ್ಲಿ ವಕೀಲರನ್ನು ಹತ್ತಿಸಿಕೊಂಡು ಅಕ್ಕಲಕೋಟೆಯ ದಾರಿ ಹಿಡಿದರು. ಸೀಟು ತುಟಿಪಿಟಿಕ್ಕೆನ್ನಲಿಲ್ಲ. ವಕೀಲರು ಮೊದಲು ತಮ್ಮ ಹಲ್ಲನ್ನು ಮುಟ್ಟಿ ನೋಡಿಕೊಂಡರು, ಆಮೇಲೆ ಧೈರ್ಯವಾಗಿ ಎಲೆ ಅಡಿಕೆ ಹಾಕಿಕೊಂಡರು.

ಮರಳಿ ಕುಂಭಾರಿ ದಾಟಿ ತುಸು ದೂರ ಹೋಗುವಷ್ಟರಲ್ಲಿ ಕುರಿಹಿಂಡು ರಸ್ತೆ ತುಂಬಿತ್ತು. ಕುರುಬರ ಗೊಲ್ಲಾಳಪ್ಪ ಕೋಲೆತ್ತಿ, "ಇಂಜಿನ್ ಬಂದ್ ಮಾಡ್ರಿ ಸಾವಕಾರ್ರ, ಮರಿ ಬೆದರ್ತಾವು," ಎಂದ. ಸಾವಕಾರರು ಇಂಜಿನ್ ನಿಲ್ಲಿಸಿದರು. ಹಿಂದೆ ಬಂದ ಎಸ್.ಟಿ. ಬಸ್ಸೂ ನಿಂತು, ಅದರ ಡ್ರೈವರನೂ ಇಂಜಿನ್ ಆರಿಸಿದ.

ವಕೀಲರು ಮೆಲ್ಲಗೆ ಕೇಳಿದರು: "ಸಾವಕಾರ್ರ, ಈಗರೆ ಖರೇ ಹೇಳ್ರಿ. ನೀವು ಯಾರ ಕಡಿ?"

ಸಾವಕಾರರ ಕೈ ಅಭ್ಯಾಸಬಲದಿಂದ ಕಿವಿಗೆ ಹೋಯಿತು. ವಕೀಲರು ನಕ್ಕರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಸಾವಕಾರರು ವಕೀಲರ ಕಿವಿಯತ್ತ ಬಾಗಿ, ಗುಟ್ಟು ಹೇಳುವವರಂತೆ ಬಾಯಿಗೆ ಕೈ ಅಡ್ಡ ಹಿಡಿದರು. ಮೂರು ವರ್ಷ ಖಡಖಡದ ಮೇಲೆ ಕೂಗಿ ಪಳಗಿದ ಗಂಟಲು ಮಾತ್ರ ಅದೇ ಎತ್ತರದಲ್ಲಿ ತೆರೆಯಿತು.

"ಇದು ನಿಮ್ಮ ನನ್ನ ನಡುವಿನ ಮಾತು! ಆ ತುಕಾರಾಮರಾವ್‌ಗ ಹೂಂ ಅಂದೀನಿ, ಅದು ಬರೇ ಬಾಯಿಮಾತು! ಸಹಕಾರಿ ಸೊಸಾಯಿಟಿ ವೋಟು ಅವನ ಕೈಯಾಗ ಅದಾವ, ಚೇರಮನ್ ಆಗೂತನಕ ಅವನ ಬಾಲ ಹಿಡೀಬೇಕಾಗೇದ! ಆಮ್ಯಾಲ ನಾ ಪೂರಾ ನಿಮ್ಮಾಂವ!"

ಕುರಿಗಳೂ ನಿಂತು ನೋಡಿದವು. ಬಸ್ಸಿನ ಮುಂದಿನ ಕಿಟಕಿಯಿಂದ ಒಂದು ತಲೆ ಹೊರಬಂತು. ಅದು ತುಕಾರಾಮರಾವ್ ಅವರದು.

"ಭೀಮಶಾ, ಇನ್ನೊಮ್ಮಿ ಹೇಳಪ್ಪ," ಎಂದರು ಅವರು ಅಚ್ಚ ಕನ್ನಡದಲ್ಲಿ. "ಹಿಂದಿನ ಸೀಟಿನವರಿಗೆ ಕೇಳಿಸಿಲ್ಲಂತ."

ಬಸ್ಸೆಲ್ಲ ನಕ್ಕಿತು. ತುಕಾರಾಮರಾವ್ ವಕೀಲರತ್ತ ತಿರುಗಿ, "ವಕೀಲ್ ಸಾಹೇಬ್ರ, ಮೊನ್ನಿ ನನಗೂ ಇದೇ ಹೇಳ್ಯಾನ. ಮರಾಠಿಯೊಳಗ ಹೇಳಿದ್ದ, ಅಷ್ಟೇ ಫರಕು," ಎಂದರು.

ಶಿವಶರಣಪ್ಪನವರು ಕೆಳಗಿಳಿದು ಧೋತರದ ಚುಂಗು ಹಿಡಿದು ಬಸ್ಸು ಹತ್ತಿದರು. ತುಕಾರಾಮರಾವ್ ಸರಿದು ಪಕ್ಕದಲ್ಲೇ ಜಾಗ ಕೊಟ್ಟು, ವಕೀಲರ ಸಂಚಿಯಿಂದ ಎಲೆ ತೆಗೆದುಕೊಂಡರು. ಸಂಜೆ ಅಕ್ಕಲಕೋಟೆಯಲ್ಲಿ ಎದುರುಬದುರು ಸಭೆ ನಡೆಸಿ ಒಬ್ಬರನ್ನೊಬ್ಬರು ಹರಿದು ಹಾಕಬೇಕಾಗಿದ್ದ ಇಬ್ಬರೂ ಒಂದೇ ಚೀಲದ ಅಡಿಕೆ ಅಗಿಯುತ್ತ ಹೊರಟುಹೋದರು.

ಸಾವಕಾರರು ಮನೆಗೆ ಬಂದು ಕೋಟು ಬಿಚ್ಚದೆ ಕಟ್ಟೆಯ ಮೇಲೆ ಕೂತರು. ಸುದ್ದಿ ಕುರಿಗಳಿಗಿಂತ ಮುಂಚೆಯೇ ಊರು ಮುಟ್ಟಿತ್ತು. ಇಂದುಬಾಯಿ ಸೀರೆ ಬದಲಿಸಿ, ಕೈತುಂಬ ಹೊಸ ಬಳೆ ಇಟ್ಟುಕೊಂಡು ಬಂದು ಮೋಟಾರಿನಲ್ಲಿ ಕೂತರು.

"ನಡ್ರಿ, ಅಕ್ಕಲಕೋಟಕ್ಕ ಹೋಗಿ ಸ್ವಾಮಿಗಳ ಗುಡಿಯಾಗ ಕಾಯಿ ಒಡಸ್ಕೊಂಡು ಬರೂಣು. ಹೆಂಗೂ ಸೀಟು ಖಾಲಿ ಅದ."

ಸಾವಕಾರರು ಎದ್ದು ಬಂದು ಗಾಡಿ ಶುರು ಮಾಡಿದರು. ಊರ ಹೊರಗೆ ಬಂದ ಮೇಲೆ ಕೇಳಿದರು: "ಜನಾ ಏನಂತಾರ?"

ರಸ್ತೆ ಬದಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿದರು.

"ಸಾವಕಾಶ ಮಾತಾಡ್ರಿ," ಎಂದರು ಇಂದುಬಾಯಿ. "ನಾ ಇಲ್ಲೇ ಬಾಜೂಕ ಕುಂತೀನಿ."

ಸಾವಕಾರರು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಕೇಳಿದರು. ಈ ಸಲ ದನಿ ಅರ್ಧ ಹೊಲದಷ್ಟೇ ದೂರ ಹೋಯಿತು.