ಚಪಾತಿ ಡಬ್ಬಿಯ ಶಾಪ

ನನಗೆ ಇಬ್ಬರು ಹೆಂಗಸರನ್ನು ಕಂಡರೆ ಹೊಟ್ಟೆಕಿಚ್ಚು. ಒಬ್ಬಳು ಸತ್ತು ಎರಡು ಸಾವಿರ ವರ್ಷದ ಮೇಲಾಯಿತು. ಇನ್ನೊಬ್ಬಳು ದೂರದ ಸೌತ್‌ಫೀಲ್ಡ್‌ನಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ. ಇಬ್ಬರೂ ನನ್ನ ಗಂಡ ರಘೋತ್ತಮರ ಕೆಲಸಕ್ಕೆ ಸಂಬಂಧಪಟ್ಟವರು. ಹಾಗಾಗಿ ಚಿಕಾಗೋ ಪಕ್ಕದ ವುಡ್‌ರಿಡ್ಜ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇಬ್ಬರಲ್ಲಿ ಒಬ್ಬಳಾದರೂ ಬಂದು ಕೂರುತ್ತಾಳೆ.

ಸತ್ತವಳ ವಿಷಯ ಮೊದಲು ಹೇಳುತ್ತೇನೆ. ನಮ್ಮ ಇವರು ಚಿಕಾಗೋದ ಒಂದು ಕಾಲೇಜಿನಲ್ಲಿ ಹಳೇ ಗ್ರೀಕ್ ಕಲಿಸುತ್ತಾರೆ; ಶಾಸನ ಅಂದರೆ ಪ್ರಾಣ. ಆ ಕಾಲದ ಮ್ಯಾಸಿಡೋನಿಯಾ ರಾಜ್ಯದವರು ಕಲ್ಲಿನ ಮೇಲೆ ಬರೆಸುವಾಗ ಹೆಚ್ಚಾಗಿ ಅಥೆನ್ಸ್ ಕಡೆಯ ಶಿಷ್ಟ ಗ್ರೀಕನ್ನೇ ಬಳಸಿದರಂತೆ. ಅವರು ಮನೆಯೊಳಗೆ ಏನು ಮಾತಾಡುತ್ತಿದ್ದರು ಅನ್ನುವುದೇ ಪಂಡಿತರಲ್ಲಿ ದೊಡ್ಡ ಜಗಳ. ಆಮೇಲೆ ಅಲ್ಲಿನ ಪೆಲ್ಲಾ ಎಂಬ ಊರಿನ ಒಂದು ಸಮಾಧಿಯಲ್ಲಿ ಸುರುಳಿ ಸುತ್ತಿದ ಸೀಸದ ತಗಡು ಸಿಕ್ಕಿತು. ಯಾವಳೋ ಒಬ್ಬಳು, ತಾನು ಬಯಸಿದ ಗಂಡಸು ಥೆಟಿಮಾ ಎಂಬವಳನ್ನು ಮದುವೆಯಾಗಬಾರದು ಅಂತ ಶಾಪ ಕೆತ್ತಿ ಹೆಣದ ಜೊತೆ ಹೂಳಿಸಿದ್ದಳು. ಅವನ ಜೊತೆ ಮುದುಕಿಯಾಗುವವಳು ತಾನೇ ಆಗಬೇಕು, ತಾನಾಗಿ ಈ ತಗಡನ್ನು ತೆಗೆದು ಬಿಚ್ಚಿ ಓದುವ ತನಕ ಶಾಪ ಬಿಡಬಾರದು ಅಂತ. ಬರೆದವಳ ಹೆಸರು ಖಚಿತವಿಲ್ಲ, ಥೆಟಿಮಾಳ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದಿದೆ. ಹೊಟ್ಟೆ ಉರಿದುಕೊಂಡವರ ಹಣೆಬರಹ ಅಷ್ಟೇ.

ಆ ಶಾಪ ಶಿಷ್ಟ ಗ್ರೀಕಿನಲ್ಲಿಲ್ಲ. ಅದೇ ಮ್ಯಾಸಿಡೋನಿಯಾದ ಮನೆಮಾತು ಅಂತ ಇವರ ವಾದ. ಅವಳು ಬೇರೆ ಕಡೆಯಿಂದ ಬಂದವಳೂ ಇರಬಹುದು, ಒಂದು ತಗಡಿನಿಂದ ಏನು ತೀರ್ಮಾನ ಮಾಡುತ್ತೀರಿ ಅಂತ ಬೇರೆಯವರು. ಅದಕ್ಕೆ ಇವರ ಉತ್ತರ ನನಗೆ ಬಾಯಿಪಾಠ: ಸರ್ಕಾರದ ಕಲ್ಲು ನಂಬಬೇಡಿ, ಅದು ನಾಲ್ಕು ಜನರ ಮುಂದೆ ಆಡುವ ಮಾತು, ಹೊಟ್ಟೆ ಉರಿದಾಗ ಯಾರೂ ಎರವಲು ಮಾತಿನಲ್ಲಿ ಬೈಯುವುದಿಲ್ಲ. ನಾನು ಮಕ್ಕಳ ಡಾಕ್ಟರು, ಗ್ರೀಕ್ ಗೊತ್ತಿಲ್ಲ. ಆದರೂ ಈ ವಾದ ಸರಿಯೆಂದೇ ನನಗೆ ಅನಿಸುತ್ತಿತ್ತು.

ಇನ್ನು ಜೀವಂತ ಇರುವವಳು. ಹೆಸರು ಶರಣ್ಯಾ, ವಿಜಾಪುರದವಳು. ಸೌತ್‌ಫೀಲ್ಡ್‌ನಲ್ಲಿ ಐಟಿ ಕೆಲಸ. ಗೀಚಿದ ತಗಡಿನ ಫೋಟೋಗಳಲ್ಲಿ ಸವೆದ ಅಕ್ಷರ ಎದ್ದು ಕಾಣುವ ಹಾಗೆ ಮಾಡುವ ಪ್ರೋಗ್ರಾಂ ಬರೆದುಕೊಡುತ್ತಿದ್ದಾಳೆ. ತಿಂಗಳಿಗೊಂದು ಶನಿವಾರ ಇವರು ಮುನ್ನೂರು ಮೈಲಿಯ ಹತ್ತಿರ ಡ್ರೈವ್ ಮಾಡಿಕೊಂಡು ಅವಳ ಆಫೀಸಿಗೆ ಹೋಗುತ್ತಾರೆ. ಇಲ್ಲೇ ಪಕ್ಕದ ಅರೋರಾದ ಬಾಲಾಜಿ ಗುಡಿಗೆ ಕರೆದುಕೊಂಡು ಹೋಗಿ ಅಂದರೆ ಸೊಂಟನೋವು. ಇಷ್ಟಾದರೂ ನಾನು ಸುಮ್ಮನಿದ್ದೆ. ಇವರ ನಡತೆಯ ಮೇಲೆ ನನಗೆ ಅನುಮಾನವಿಲ್ಲ. ಬಟ್ಟೆಯಲ್ಲಿ ಸಾರಿನ ಕಲೆ ಇಟ್ಟುಕೊಂಡು ಓಡಾಡುವ ಮನುಷ್ಯನನ್ನು ಯಾರು ಹಾರಿಸಿಕೊಂಡು ಹೋಗುತ್ತಾರೆ?

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ವಿಷಯಕ್ಕೆ. ಇವರ ಕಾಲೇಜಿನಲ್ಲಿ ಇವರದೇ ಒಂದು ದೊಡ್ಡ ಉಪನ್ಯಾಸ ನಿಗದಿಯಾಗಿತ್ತು. ನಮ್ಮ ಪರಿಚಯದವರೆಲ್ಲ ಬರುವವರಿದ್ದರು. ಶಿಷ್ಟ ಭಾಷೆಯ ಅಡಿಯಲ್ಲಿ ಮನೆಮಾತು ಹೇಗೆ ಬದುಕಿರುತ್ತದೆ ಅಂತ ತೋರಿಸಲು ಕನ್ನಡದ ಒಂದು ದನಿ ಕೇಳಿಸಬೇಕಂತೆ. ಅದಕ್ಕೆ ಶರಣ್ಯಾಳ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಅಡುಗೆಮನೆಗೆ ಬಂದು ನನಗೂ ಕೇಳಿಸಿದರು. ಎಂಥ ಮಾತು, ಎಷ್ಟು ಜೀವ ಇದೆ, ಸ್ವಲ್ಪವೂ ಕಲಬೆರಕೆಯಿಲ್ಲ ಅಂತ ಕಣ್ಣು ಮುಚ್ಚಿಕೊಂಡು ತಲೆದೂಗಿದರು.

ನಾನು ಗದಗದವಳು.

ಮದುವೆಯಾಗಿ ಮೈಸೂರಿನ ಇವರ ಮನೆಗೆ ಬಂದಾಗ ನಾನು ಬಾಯಿ ಬಿಟ್ಟರೆ ಸಾಕು, ಅತ್ತೆ ಪದ್ಮಮ್ಮನವರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಕೆಟ್ಟವರಲ್ಲ, ನಗು ತಡೆಯಲಾಗುತ್ತಿರಲಿಲ್ಲ ಅಷ್ಟೆ. ಮನೆಗೆ ಬಂದವರ ಮುಂದೆ ನನ್ನ ಕೈಯಲ್ಲಿ ಏನಾದರೂ ಹೇಳಿಸಿ ಎಲ್ಲರೂ ನಗುತ್ತಿದ್ದರು. ಒಂದು ದಿನ ಇವರೇ, ಸ್ವಲ್ಪ ನಮ್ಮ ಥರ ಮಾತಾಡೋದು ಕಲಿತುಕೋ ಲತಾ, ಅಂದರು. ಶ್ರೀಲತಾ ಹೋಗಿ ಲತಾ ಆದದ್ದೂ ಆಗಲೇ. ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ನಮ್ಮಪ್ಪ ಫೋನ್ ಮಾಡಿದಾಗ ಸರಿಯಾಗಿ ಬಾಯಿ ತಿರುಗುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಆ ಮಾತು ಆಡಲು ಯಾರೂ ಉಳಿಯಲಿಲ್ಲ. ಮಗಳು ದೀಪ್ತಿಗೆ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ. ಇವರಿಗೆ ಫ್ರಿಜ್ ಮೇಲೆ ಅಂಟಿಸುವ ಚೀಟಿಯನ್ನೂ ನಾನು ಇಂಗ್ಲಿಷಿನಲ್ಲೇ ಬರೆಯುವುದು.

ರೆಕಾರ್ಡಿಂಗ್ ಮುಗಿದ ಮೇಲೆ, ನನ್ನನ್ನು ಯಾಕೆ ಕೇಳಲಿಲ್ಲ ಅಂದೆ. ಇವರು ಆಶ್ಚರ್ಯದಿಂದ ನೋಡಿದರು.

"ನಿಂದೆಲ್ಲಾ ಯಾವತ್ತೋ ಹೋಯ್ತಲ್ಲ. ನೀನೀಗ ಪೂರ್ತಿ ಮೈಸೂರಿನವಳೇ."

ಹೊಗಳಿದೆ ಅಂತಲೇ ತಿಳಿದಿದ್ದರು. ನಾನು ಒಲೆಯ ಕಡೆ ತಿರುಗಿದೆ. ನಾನು ಉಗುಳಿದ್ದನ್ನು ಇನ್ನೊಬ್ಬಳು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ಉಣ್ಣುತ್ತಿದ್ದಾಳೆ, ಬಡಿಸುತ್ತಿರುವವನು ನನ್ನ ಗಂಡ. ಅಷ್ಟೊಂದು ಸಂಕಟ ನನಗೆ ಯಾವತ್ತೂ ಆಗಿರಲಿಲ್ಲ.

ಉಪನ್ಯಾಸಕ್ಕೆ ಒಂದು ವಾರ ಮುಂಚೆ ಇವರು ಮತ್ತೆ ಸೌತ್‌ಫೀಲ್ಡ್‌ಗೆ ಹೊರಟರು. ಶಾಪದ ತಗಡನ್ನು ವಿಜಾಪುರದ ಮಾತಿಗೆ ಮಾಡಿಕೊಡು ಅಂತ ಶರಣ್ಯಾಳನ್ನು ಕೇಳಿದ್ದರಂತೆ. ಅದನ್ನೂ ಅವಳ ದನಿಯಲ್ಲೇ ಕೇಳಿಸುವ ಯೋಚನೆ. ಬೆಳಿಗ್ಗೆ ಚಪಾತಿ ಕಟ್ಟುತ್ತಾ ಅಲ್ಯೂಮಿನಿಯಂ ಫಾಯಿಲ್ ಹರಿದೆ. ಹರಿದದ್ದನ್ನು ನೋಡುತ್ತಾ ನಿಂತೆ. ಇಂಕು ಮುಗಿದ ಒಂದು ಬಾಲ್ ಪೆನ್ ಡ್ರಾಯರಿನಲ್ಲಿತ್ತು. ಟವೆಲ್ ಮೇಲೆ ಫಾಯಿಲ್ ಹಾಸಿಕೊಂಡು ಒತ್ತಿ ಒತ್ತಿ ಬರೆದೆ. ಎಲ್ಲಿತ್ತೋ ಏನೋ, ಒಂದು ಮಾತೂ ಹುಡುಕಬೇಕಾಗಲಿಲ್ಲ.

"ಆಕಿ ದನಿ ಅವರ ಕಿವ್ಯಾಗ ಇಳೀಬಾರ್ದು. ನನ್ನ ಬಿಟ್ಟು ಯಾರ ಮಾತೂ ಅವರಿಗೆ ರುಚಿ ಹತ್ತಬಾರ್ದು. ಅವರ ಜೋಡಿ ಮುದುಕಿ ಆಗೂದು ನಾನ, ಬ್ಯಾರೆ ಯಾರೂ ಅಲ್ಲ. ಇದನ್ನ ನಾ ನನ್ನ ಕೈಲೆ ಬಿಚ್ಚಿ ನನ್ನ ಬಾಯಿಲೆ ಓದೂತನಕ ಹಿಂಗ ಇರ್ಲಿ."

ಬೀಡಿಯ ಹಾಗೆ ಸುತ್ತಿ, ಆ ಕಾಲದವರು ಶಾಪದ ತಗಡಿಗೆ ಹೊಡೆಯುತ್ತಿದ್ದ ಮೊಳೆಯ ಬದಲು ಒಂದು ಟೂತ್‌ಪಿಕ್ ಚುಚ್ಚಿದೆ. ಹೂಳುವುದಕ್ಕೆ ಹೆಣ ಸಿಗಲಿಲ್ಲವಾದ್ದರಿಂದ ಚಪಾತಿ ಡಬ್ಬಿಗೆ ಹಾಕಿದೆ. ಇವರಿಗೆ ಕಾಣಲಿ ಅಂತಲೇ ಹಾಕಿದ್ದು. ಎರಡು ಸಾವಿರ ವರ್ಷದ ಹಿಂದಿನವಳನ್ನು ಗುರುತು ಹಿಡಿಯುವ ಮನುಷ್ಯನಿಗೆ ನಾನ್ಯಾರೆಂದು ತಿಳಿಯದೆ ಇದ್ದೀತೇ ಅಂತ ನಂಬಿದ್ದೆ.

ಮಧ್ಯಾಹ್ನ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿದ್ದರು, ಹಿಂದೆ ತಟ್ಟೆ ಚಮಚದ ಸದ್ದು. ಇವರ ದನಿಯಲ್ಲಿ ಚಿಕ್ಕ ಮಕ್ಕಳ ಸಂಭ್ರಮ.

"ಲತಾ, ಶರಣ್ಯಾ ಏನ್ ಮಾಡಿದಾಳೆ ಗೊತ್ತಾ? ತಗಡನ್ನ ಅವಳ ಭಾಷೆಗೆ ಮಾಡಿ, ಫಾಯಿಲ್ ಮೇಲೆ ಕೆತ್ತಿ, ನನಗೆ ಗೊತ್ತಾಗ್ದೇ ಇರೋ ಹಾಗೆ ನಮ್ ಡಬ್ಬೀಲಿ ಇಟ್ಟಿದಾಳೆ. ಕೇಳು, ಓದ್ತೀನಿ."

ಓದಿದರು. ನನ್ನ ಶಾಪವನ್ನು ನನಗೇ, ಮೈಸೂರಿನ ರಾಗದಲ್ಲಿ, ನಡುನಡುವೆ ಶಹಬ್ಬಾಸ್ ಹೇಳುತ್ತಾ ಪೂರ್ತಿ ಓದಿದರು. ಹುಟ್ಟಿದ ನೆಲದ ಮಾತು ಅಂದರೆ ಇದು, ಕಲಿತು ಬರೆಯುವುದಲ್ಲ, ಅಂದರು. ಹೌದೌದು, ಚೆನ್ನಾಗಿದೆ, ಅಂತ ನನ್ನ ಬಾಯಿಂದ ಅಚ್ಚ ಮೈಸೂರಿನ ಮಾತೇ ಬಂತು.

ಆಗ ಶರಣ್ಯಾಳ ದನಿ ಕೇಳಿತು. ಮೆತ್ತಗೆ, ಆದರೆ ಪ್ರತಿಯೊಂದು ಮಾತೂ ಸ್ಪಷ್ಟ.

"ಸರ್, ಇದು ನಾ ಬರದದ್ದಲ್ರಿ. ನಮ್ಮ ವಿಜಾಪುರದ ಮಾತೂ ಅಲ್ಲ, ಗದಗ ಕಡೀದು. ನಿಮ್ಮ ಮನ್ಯಾಗ ಆ ಕಡೆಯವ್ರು ಯಾರರೆ ಅದಾರೇನ್ರಿ?"

ಚಮಚದ ಸದ್ದು ನಿಂತಿತು. ಇವರು, "ಶ್ರೀಲತಾ?" ಅಂದರು. ಆ ಹೆಸರು ಅವರ ಬಾಯಲ್ಲಿ ಕೇಳಿ ಯಾವ ಕಾಲವಾಗಿತ್ತೋ. ನಾನು ಫೋನ್ ಇಟ್ಟುಬಿಟ್ಟೆ. ಗುರುತು ಹಿಡಿದವಳು ಅವಳು, ಇವರಲ್ಲ. ಅವಳ ಮೇಲಿನ ಉರಿ ಅದರಿಂದ ಇಮ್ಮಡಿಯಾಯಿತು.

ಕೆಲಸ ಅರ್ಧಕ್ಕೇ ಬಿಟ್ಟು ಬಂದಿರಬೇಕು, ಬೆಳಕಿರುವಾಗಲೇ ಗರಾಜಿನ ಬಾಗಿಲು ತೆರೆದ ಸದ್ದಾಯಿತು. ಒಳಗೆ ಬಂದವರು ಷೂ ಬಿಚ್ಚುವುದನ್ನೂ ಮರೆತಿದ್ದರು. ಫಾಯಿಲನ್ನು ಎರಡು ರಟ್ಟಿನ ನಡುವೆ ಸುಕ್ಕಾಗದ ಹಾಗೆ ಇಟ್ಟುಕೊಂಡು ಬಂದಿದ್ದರು. ಊಟದ ಟೇಬಲ್ ಮೇಲೆ ಬಿಡಿಸಿದರು. ಕಣ್ಣು ಕೆಂಪಾಗಿತ್ತು. ಇಪ್ಪತ್ತು ವರ್ಷದಿಂದ ನಾನು ನಿನ್ನಲ್ಲಿ ನಾಲ್ಕು ಜನರ ಮುಂದಿನ ಕಲ್ಲನ್ನೇ ಓದುತ್ತಿದ್ದೆ, ಅದೇ ನಿನ್ನ ಮನೆಮಾತು ಅಂತ ನಂಬಿದ್ದೆ, ಅಂದರು. ಉಪನ್ಯಾಸದಲ್ಲಿ ಶರಣ್ಯಾಳ ದನಿ ಬೇಡ ಅಂದರು. ನನ್ನ ಎದೆ ಸ್ವಲ್ಪ ಕರಗಿತು. ನಿಜ ಹೇಳಬೇಕೆಂದರೆ ಬಹಳವೇ ಕರಗಿತು.

"ನೀನೇ ಓದು ಶ್ರೀಲತಾ. ನಿನ್ ಬಾಯಲ್ಲೇ ಕೇಳ್ಬೇಕು."

ಅಂದವರು ಜೇಬಿನಿಂದ ಫೋನ್ ತೆಗೆದು, ರೆಕಾರ್ಡಿಂಗ್ ಒತ್ತಿ, ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ನನ್ನ ಮುಂದೆ ಇಟ್ಟರು.

ಆ ಕೆಂಪು ಚುಕ್ಕೆಯನ್ನು ನೋಡಿದೆ. ಪದ್ಮಮ್ಮನವರ ಹಜಾರ ನೆನಪಾಯಿತು. ಅಲ್ಲಿ ನಗುವುದಕ್ಕೆ ನನ್ನ ಕೈಯಲ್ಲಿ ಮಾತಾಡಿಸುತ್ತಿದ್ದರು, ಇಲ್ಲಿ ತಲೆದೂಗುವುದಕ್ಕೆ. ಫಾಯಿಲನ್ನು ಎಳೆದುಕೊಂಡೆ. ಮತ್ತೆ ಬೀಡಿಯ ಹಾಗೆ ಸುತ್ತಿ, ಕಿಟಕಿಯ ಹತ್ತಿರವಿದ್ದ ತುಳಸಿ ಕುಂಡದ ಮಣ್ಣಿನೊಳಗೆ ಬೆರಳು ಮುಳುಗುವ ತನಕ ಒತ್ತಿದೆ. ಇವರು ಅಯ್ಯೋ ಅನ್ನುತ್ತಾ ಎದ್ದರು.

"ಓದೂದಿಲ್ಲ. ಓದಿದ್ರ ಶಾಪ ಬಿಡ್ತದ. ಆ ಫೋನ್ ಒಳಗ ಇಟ್ಟು ಬರ್ರಿ, ನಿಮ್ಮ ಜೋಡಿ ಜಗಳ ಮಾಡೂದದ."

ಇವರು ನನ್ನನ್ನು ನೋಡಿದರು, ಫೋನನ್ನು ನೋಡಿದರು. ಅಷ್ಟು ಒಳ್ಳೆಯ ವಾಕ್ಯ ರೆಕಾರ್ಡ್ ಆಗಿದೆಯಲ್ಲ ಅನ್ನುವ ಆಸೆ ಮುಖದ ಮೇಲೆ ಕಾಣುತ್ತಿತ್ತು. ಆಮೇಲೆ ನನ್ನ ಎದುರಿಗೇ ಅದನ್ನು ಅಳಿಸಿ, ಫೋನನ್ನು ಒಳಗಿಟ್ಟು ಬಂದು ಕೂತರು. ಸಾಕ್ಷ್ಯ ಅಳಿಸಿದ್ದು ಅವರ ಜನ್ಮದಲ್ಲಿ ಅದೇ ಮೊದಲು. ಕತ್ತಲಾಗುವ ತನಕ ನಾನು ಗದಗದ ಮಾತಿನಲ್ಲಿ ಬೈದೆ, ಅವರು ಕೇಳಿದರು.

ಉಪನ್ಯಾಸದಲ್ಲಿ ಯಾವ ಹೆಂಗಸಿನ ದನಿಯೂ ಕೇಳಿಸಲಿಲ್ಲ. ಶರಣ್ಯಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎದ್ದು ಬಂದು ನನ್ನನ್ನು ಅಕ್ಕ ಅಂದಳು. ಒಳ್ಳೆಯ ಹುಡುಗಿ, ಅದೂ ನನಗೆ ಹಿಡಿಸಲಿಲ್ಲ. ಇವರು ಈಗಲೂ ತಿಂಗಳಿಗೊಮ್ಮೆ ಸೌತ್‌ಫೀಲ್ಡ್‌ಗೆ ಹೋಗುತ್ತಾರೆ. ಬಂದ ಮೇಲೆ ತುಳಸಿಗೆ ನೀರು ಹಾಕುವ ನೆಪದಲ್ಲಿ ಕುಂಡವನ್ನು ನೋಡುತ್ತಾ ನಿಲ್ಲುತ್ತಾರೆ, ಅದನ್ನು ಯಾವಾಗ ತೆಗೆಯುತ್ತೀ ಅಂತ ಕೇಳುತ್ತಾರೆ. ಮುದುಕಿ ಆದ ಮ್ಯಾಲ ನೋಡೋಣ, ಅನ್ನುತ್ತೇನೆ.