ಓಬುಳಪತಿ ಬರೆದ ದೇವತೆ

ಹಿಂದೂಪುರದ ನಾಟಕದ ಮೇಷ್ಟ್ರು ಓಬುಳಪತಿ ಕೂತು ಮಾತಾಡಿದ್ದನ್ನು ನಾನು ಕಂಡವನಲ್ಲ. ಟೀ ಬೇಕೆನ್ನುವುದಕ್ಕೂ ಎದ್ದು ನಿಲ್ಲುತ್ತಿದ್ದ. ಉರಿಬಿಸಿಲಲ್ಲೂ ಕರಿಯ ಕೋಟಿನ ಗುಂಡಿ ಬಿಚ್ಚದೆ, ಒಂದು ಭುಜವನ್ನು ಮುಂದೆ ಚಾಚಿ, ಎದುರಿನ ಗಾಳಿಯೊಡನೆಯೇ ಜಗಳಕ್ಕೆ ಹೊರಟವನಂತೆ ನಡೆಯುತ್ತಿದ್ದ. ಅಸತ್ಯವೆಂದರೆ ಅವನಿಗೆ ಮೈಯೆಲ್ಲ ಉರಿ. ಆ ಉರಿಯ ಬಹುಪಾಲನ್ನು ಅವನು ಮೀಸಲಿಟ್ಟಿದ್ದು ತಾನೇ ಸೃಷ್ಟಿಸಿದ ಒಬ್ಬ ದೇವತೆಗೆ.

ಪ್ರಾಯದಲ್ಲಿ ಅವನೊಂದು ನಾಟಕ ಬರೆದಿದ್ದ. ಹಸಿ ಬಾಣಂತಿಯೊಬ್ಬಳನ್ನು ಅತ್ತೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗಿಳಿಸುತ್ತಾಳೆ. ಅವಳು ಅಲ್ಲೇ ಸತ್ತು, ಮಗ್ಗದಮ್ಮನಾಗಿ ಎದ್ದು, ಮೂರು ತಿಂಗಳು ತುಂಬದ ಬಾಣಂತಿಯನ್ನು ನೇಯಲು ಕೂರಿಸಿದ ಮನೆಯಲ್ಲಿ ಎಳೆಯೊಂದೂ ಉಳಿಯದಿರಲೆಂದು ಶಪಿಸುತ್ತಾಳೆ. ಕಲ್ಯಾಣದುರ್ಗದ ನೇಕಾರರ ಬೀದಿಯಲ್ಲಿ ಆಟವಾಯಿತು. ಮರುವರ್ಷ ಹೋದರೆ ಬೇವಿನ ಬುಡದಲ್ಲಿ ಕಲ್ಲು, ಕಲ್ಲಿಗೆ ಅರಿಶಿನ, ಮುಂದೆ ಕೈಮುಗಿದ ಹೆಂಗಸರು!

"ಅಯ್ಯೋ, ಅದು ನಾನು ಬರೆದಿದ್ದು ಕಣ್ರಮ್ಮ! ಅಂಥಾ ದೇವ್ರೇ ಇಲ್ಲ!" ಎಂದು ಕೂಗಿದ.

ಕಲ್ಲು ನೆಟ್ಟ ಮುದುಕಿ ನಾರಮ್ಮ ಅರಿಶಿನದ ಕೈ ಒರೆಸಿಕೊಳ್ಳುತ್ತ, "ನೀನು ಬರೆದ್ರೇನಪ್ಪ? ಅವಳು ಬಂದ್ಮ್ಯಾಲೆ ನಮ್ಮ ಬೀದೀಲಿ ಒಬ್ಬ ಬಾಣಂತೀನೂ ಗುಂಡಿಗಿಳಿದಿಲ್ಲ" ಎಂದಳು.

ಅಲ್ಲಿಂದ ವರ್ಷವರ್ಷವೂ ಬಸ್ಸು ಹತ್ತಿ ಹೋಗಿ, ಆ ಕಲ್ಲಿನೆದುರು ನಿಂತು ಬೈದು ಬರುವುದೇ ಅವನ ವ್ರತವಾಯಿತು. "ಕಟ್ಟುಕತೆಯಿಂದ ಹುಟ್ಟಿದ್ದು ಧರ್ಮ ಆಗಲ್ಲ ಕಣಯ್ಯ" ಎಂದು ನನ್ನ ಮೇಲೂ ಹಾರಿಬೀಳುತ್ತಿದ್ದ. ಮಿಕ್ಕ ಧರ್ಮಗಳೇನು ಕತೆಯಿಲ್ಲದೆ ಬದುಕಿವೆಯೇ ಎಂದು ನಾನು ರೇಗುತ್ತಿದ್ದೆ. ವಾರಗಟ್ಟಲೆ ಮಾತು ಬಿಡುತ್ತಿದ್ದೆವು.

ಎರಡು ಸಾವಿರದ ಆರರಲ್ಲಿ, ತಾಯಿಯಿಲ್ಲದ ಮಗಳು ರಮ್ಯಾಳನ್ನು ಅದೇ ಬೀದಿಗೆ ಕೊಟ್ಟ. ಬೀಗರ ಜಗಲಿಯ ಮೇಲೂ ಅದೇ ಭಾಷಣ. ಬೀಗತಿ ಬನಶಂಕರಮ್ಮ ಮಾತ್ರ ಕಿವಿಗೊಟ್ಟು ಕೇಳಿದಳು. ಮರುವರ್ಷ ರಮ್ಯಾ ಹೆತ್ತಾಗ, ತವರಲ್ಲಿ ಬಾಣಂತನ ಮಾಡುವವರಿಲ್ಲದೆ ಗಂಡನ ಮನೆಯಲ್ಲೇ ಉಳಿದಳು. ಕೂಸು ನೋಡಲು ನಾವಿಬ್ಬರೂ ಹೋದೆವು. ಬೀದಿಯ ಕಣ್ಣಿಗೆ ಬೀಳದ ಹಿತ್ತಲ ಕೋಣೆಯಲ್ಲಿ, ಹೆತ್ತು ತಿಂಗಳೂ ತುಂಬದ ಆ ಹುಡುಗಿ ಜ್ವರದಲ್ಲಿ ನಡುಗುತ್ತ, ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು!

ಓಬುಳಪತಿ ಗುಡುಗಿದ. ಬನಶಂಕರಮ್ಮ ತಣ್ಣಗೆ ಅಂದಳು: "ನೀವೇ ಅಲ್ವ ಬೀಗ್ರೇ, ಅದೆಲ್ಲಾ ಅಬದ್ಧ ಅಂದಿದ್ದು? ಮದುವೆ ಸೀರೆ ಆರ್ಡರ್ ಬಂದೈತೆ, ಮಗ್ಗ ಖಾಲಿ ಬಿಡಕ್ಕಾಯ್ತದಾ?" ಮೂಲೆಯಲ್ಲಿ ಅಳಿಯ ನೂಲು ಸುತ್ತುತ್ತಲೇ ಇದ್ದ.

ಎಂಥ ನಿಷ್ಕರುಣಿ! ಆಕೆಯ ಕಪಾಳಕ್ಕೆ ಬಿಗಿಯಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಓಬುಳಪತಿ ಜೀವಮಾನವಿಡೀ ಸಾರಿದ ಸತ್ಯದಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಹೆಕ್ಕಿಕೊಂಡಿದ್ದಳು. ಓಬುಳಪತಿ ಬೀದಿಗೆ ಓಡಿ ನಾರಮ್ಮನನ್ನು ಕೂಗಿದ.

ನಾರಮ್ಮ ವಿಷಯ ಕೇಳಿದ್ದೇ ಬೇವಿನ ಬುಡಕ್ಕೆ ನಡೆದಳು. ಕಲ್ಲನ್ನು ಕಿತ್ತು, ಕಂಕುಳಲ್ಲಿ ಹೊತ್ತು ತಂದು, ರಮ್ಯಾಳನ್ನು ಎಬ್ಬಿಸಿ, ಅವಳು ಕೂತಿದ್ದ ಜಾಗದಲ್ಲೇ ಇಟ್ಟಳು. ಹಿಂದೆಯೇ ಬೀದಿಯ ಹೆಂಗಸರೆಲ್ಲ ಬಂದು ಬಾಗಿಲು ತುಂಬಿದರು.

"ಈಗ ನೇಯ್ಸಮ್ಮ ನೋಡಾನ" ಎಂದಳು ನಾರಮ್ಮ.

ಬನಶಂಕರಮ್ಮ ಹೆದರಿ ಹಿಂದೆ ಸರಿದಳು. ಆದರೂ ಸೋಲೊಪ್ಪದೆ ಓಬುಳಪತಿಯತ್ತ ತಿರುಗಿದಳು. "ಹೇಳ್ರಿ ಬೀಗ್ರೇ, ಇವರೆಲ್ಲರ ಮುಂದೆ ಹೇಳ್ರಿ! ಇವಳನ್ನ ಬರೆದವರು ನೀವೇ ತಾನೆ?"

ಓಬುಳಪತಿ ಮಗಳ ಮುಖ ನೋಡಿದ. ಚಪ್ಪಲಿ ಕಳಚಿದ.

"ನಾನೆಲ್ಲಿ ಬರೆದೆ? ಅವಳೇ ಬರೆಸಿದ್ಲು."

ಅಸತ್ಯವನ್ನು ದ್ವೇಷಿಸುವ ಸಜ್ಜನರು ಲೋಕದಲ್ಲಿ ಬಹಳ. ತಮ್ಮ ಸತ್ಯ ಯಾರ ಕೈಸೇರಿ ಏನಾಯಿತೆಂದು ಹೋಗಿ ನೋಡುವವರು ಅವರಲ್ಲಿ ವಿರಳ. ದೇವರಿಲ್ಲವೆಂದು ಸಾರಿ, ಮನೆಗೆ ಹೋಗಿ ಉಂಡು ಮಲಗುತ್ತಾರೆ. ಗುಂಡಿಯಲ್ಲಿ ನಡುಗುವವರು ಬೇರೆಯವರ ಮಕ್ಕಳು.