ಕೆಂಪು ಹಂಚು

ನಮ್ಮ ತರಗತಿಯ ಮೆಣಸಿನಕಾಯಿಗೆ ನಾಲ್ಕು ವರ್ಷ. ಆ ಹೆಸರು ಇಟ್ಟವಳು ನಾನೇ, ಅವಳ ಟೀಚರು. ಅವಳ ಆಟದ ಸಾಮಾನಿಗೆ ಯಾರಾದರೂ ಕೈ ಹಾಕಿದರೆ ಮುಗಿಯಿತು, ಹಲ್ಲು ಊರಿಬಿಡುತ್ತಿದ್ದಳು. ಆದರೂ ಅವಳೆಂದರೆ ನನಗೆ ಪ್ರಾಣ. ಏನು ಮಾಡಲಿ, ನೀವೇ ಹೇಳಿ!

ಹೆಡ್‌ಮಿಸ್ ಮಾತ್ರ ಖಡಾಖಂಡಿತ ಹೇಳಿದ್ದರು: "ಇನ್ನೊಂದ್ಸಲ ಕಚ್ಚಿದ್ಲು ಅಂದ್ರೆ ಈ ವರ್ಷ ಮನೇಲೇ ಇರ್ಲಿ. ಉಳಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಉತ್ತರ ಕೊಡೋಳು ನಾನು." ಹೇಳಿ ಸುಮ್ಮನಾದರೇ? ಮರುದಿನ ಆಟದ ಹೊತ್ತಿಗೆ ಬಂದು, ಮಕ್ಕಳ ಪುಟ್ಟ ಕುರ್ಚಿಯೊಳಗೆ ಹೇಗೋ ತೂರಿಕೊಂಡು ಕೂತೇಬಿಟ್ಟರು.

ಅವತ್ತೂ ಮನೆ ಕಟ್ಟುವ ಆಟ. ಮರದ ತುಂಡುಗಳಲ್ಲಿ ಕಂದು ಬಣ್ಣದವು ಗೋಡೆ, ಕೆಂಪಿನವು ಹಂಚು. ಮೆಣಸಿನಕಾಯಿ ಗೋಡೆಯ ಗೊಡವೆಗೇ ಹೋಗದೆ ಕೆಂಪು ತುಂಡುಗಳನ್ನೆಲ್ಲ ಬಾಚಿ ಮಡಿಲಿಗೆ ತುಂಬಿಕೊಂಡಳು. ಪಕ್ಕದಲ್ಲಿ ಗುಂಡನ ಮನೆಗೆ ಗೋಡೆಯೆಲ್ಲ ಎದ್ದಿತ್ತು, ಸೂರಿರಲಿಲ್ಲ. ಅವನು ಒಂದು ಹಂಚಿಗೆ ಕೈ ಚಾಚಿದ.

"ಹಂಚು! ಹಂಚು ಪುಟ್ಟಿ!" ಎಂದು ಕೂಗಿದೆ.

ಅವಳು ಇನ್ನೂ ಬಿಗಿಯಾಗಿ ಅವುಚಿಕೊಂಡು, "ಹೂಂ ಮಿಸ್, ಹಂಚೇ. ಎಲ್ಲಾ ಇಲ್ಲೇ ಇದೆ, ಒಂದೂ ಬಿಟ್ಟಿಲ್ಲ," ಎಂದಳು. ಮುಖದಲ್ಲಿ ಎಂಥ ಜಂಬ!

ಅಯ್ಯೋ, ನನ್ನ ಬುದ್ಧಿಗಿಷ್ಟು! ವಾರವೆಲ್ಲ ನಾನು "ಹಂಚು, ಹಂಚು" ಎಂದು ಗಂಟಲು ಹರಿದುಕೊಂಡದ್ದು ಅವಳಿಗೆ ಮನೆಯ ಹಂಚಾಗಿಯೇ ಕೇಳಿಸಿತ್ತು. ಪಾಪ, ಮಿಸ್ ಹೇಳಿದ್ದಾರೆಂದು ಕಾವಲು ಕಾಯುತ್ತಿದ್ದಳು.

ಗುಂಡ ಎಳೆದ. ಇವಳ ಬಾಯಿ ತೆರೆದು ಅವನ ಮಣಿಕಟ್ಟಿನ ಮೇಲೆ ಬಂತು. ಹೆಡ್‌ಮಿಸ್ ದಡಕ್ಕನೆ ಎದ್ದರು, ಕುರ್ಚಿಯೂ ಅವರ ಜೊತೆಗೇ ಎದ್ದಿತು.

"ಆ ಹಂಚಲ್ಲಮ್ಮ!" ಎಂದೆ. "ಹಂಚು ಅಂದ್ರೆ, ನಿಂಗೂ ಇರ್ಲಿ, ಅವ್ನಿಗೂ ಕೊಡು ಅಂತ."

ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿತು.

"ಹಂಗಂತ ಮೊದ್ಲೇ ಹೇಳೋದಲ್ವಾ ಮಿಸ್!"

ನನ್ನನ್ನು ಗದರಿದ ಮೇಲೆ ಅವಳು ತನ್ನ ಮಡಿಲು ನೋಡಿಕೊಂಡಳು, ಗುಂಡನ ಗೋಡೆ ನೋಡಿದಳು. "ನಂಗೆ ಗೋಡೇನೇ ಇಲ್ಲ ಕಣೋ. ನೀನು ಗೋಡೆ ಹಂಚು, ನಾನು ಹಂಚು ಹಂಚ್ತೀನಿ."

ಗುಂಡ ಮೂತಿ ಉಬ್ಬಿಸಿಕೊಂಡೇ ಯೋಚಿಸಿದ. "ಆಯ್ತು. ಆದ್ರೆ ದೊಡ್ಡ ಬಾಗ್ಲು ನಂದು."

"ನಂಗೆ ಕಿಟಕಿ ಸಾಕು ಬಿಡು, ಹಾರ್ಕೊಂಡ್ ಬರ್ತೀನಿ."

ಒಬ್ಬೊಬ್ಬರು ಒಂದೊಂದು ಕಡೆಯಿಂದ ಹಂಚು ಹೊದಿಸಿದರು. ನಡುವೆ ಗೋಡೆ ಕುಸಿಯಿತು. "ನೀನೇ ತಳ್ಳಿದ್ದು", "ನೀನೇ" ಎಂದು ಒಂದಿಷ್ಟು ಕಿತ್ತಾಡಿ, ಇಬ್ಬರೂ ಸೇರಿ ಮತ್ತೆ ಎಬ್ಬಿಸಿದರು. ನಾನು ಬೆರಳೂ ಆಡಿಸಲಿಲ್ಲ.

ಕೊನೆಗೆ ಒಂದು ಹಂಚು ಉಳಿಯಿತು. ಇಬ್ಬರೂ ಗುಸುಗುಸು ಮಾತಾಡಿಕೊಂಡರು. ಮೆಣಸಿನಕಾಯಿ ಎದ್ದು ಹೋಗಿ ಅದನ್ನು ಹೆಡ್‌ಮಿಸ್ ಕೈಯಲ್ಲಿಟ್ಟಳು.

"ತಗೊಳ್ಳಿ. ಹಂಚು."

"ಯಾವ ಹಂಚೇ ಇದು, ಪುಟ್ಟಿ?"

"ಎರಡೂ, ಮಿಸ್."

ಹೆಡ್‌ಮಿಸ್ ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ನಾಳೆ ಬೇಗ ಬಾ. ಇದನ್ನ ಎಲ್ಲಿಡ್ಬೇಕು ಅಂತ ತೋರ್ಸು."

ಇವಳು ನನ್ನ ಹುಡುಗಿ ಕಣ್ರೀ ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು ನನಗೆ.